ಬಳಸದೆ ಬಿದ್ದಿರುವ ಡೊಮೇನ್ ಮಾರೋದು ಹೇಗೆ? ಯಾವುದನ್ನು ಮಾರಲೇಬಾರದು?

ಒಂದು ಹೋರಾಟ ಶುರುವಾಗುತ್ತೆ. ಹತ್ತು ಜನ ಸೇರ್ತಾರೆ, ವಾಟ್ಸಾಪ್ ಗುಂಪು ಆಗುತ್ತೆ, ಪೋಸ್ಟರ್ ಆಗುತ್ತೆ, ಯಾರೋ ಒಬ್ಬರು ತಮ್ಮ ಡೆಬಿಟ್ ಕಾರ್ಡಿನಿಂದ ಒಂದು ಡೊಮೇನ್ ಹೆಸರು ಕೊಳ್ತಾರೆ. ಎರಡು ವರ್ಷ ವೆಬ್‌ಸೈಟು ಚೆನ್ನಾಗಿ ನಡೆಯುತ್ತೆ. ಪತ್ರಿಕೆಗಳು ಲಿಂಕ್ ಕೊಡ್ತವೆ, ಸಹಿ ಸಂಗ್ರಹ ಆಗುತ್ತೆ. ಆಮೇಲೆ ಒಬ್ಬರಿಗೆ ಕೆಲಸ ಸಿಗುತ್ತೆ, ಇನ್ನೊಬ್ಬರು ಊರು ಬಿಡ್ತಾರೆ, ಸೈಟು ನಿಂತು ಹೋಗುತ್ತೆ. ಉಳಿಯೋದು ವರ್ಷಕ್ಕೊಮ್ಮೆ ಬರುವ ಒಂದು ಇಮೇಲ್: ‘ನಿಮ್ಮ ಡೊಮೇನ್ ಅವಧಿ ಮುಗಿಯುತ್ತಿದೆ, ರಿನ್ಯೂ ಮಾಡಿ.’

ಕಾಲೇಜು ಪತ್ರಿಕೆ, ಚಿತ್ರ ಸಮಾಜ, ಅರ್ಧಕ್ಕೆ ನಿಂತ ಸ್ಟಾರ್ಟಪ್, ಸೋತ ಅಭ್ಯರ್ಥಿಯ ಪ್ರಚಾರದ ಸೈಟು, ಎಲ್ಲದರ ಕತೆಯೂ ಹೆಚ್ಚುಕಮ್ಮಿ ಇದೇ. ಆಗ ಬರೋ ಪ್ರಶ್ನೆ ಸಹಜ. ಸುಮ್ನೆ ದುಡ್ಡು ಕಟ್ಟೋ ಬದಲು ಇದನ್ನು ಮಾರಿಬಿಟ್ಟರೆ? ಮಾರೋದಾದರೆ ಎಲ್ಲಿ, ಎಷ್ಟಕ್ಕೆ?

ಇದಕ್ಕೆ ಉತ್ತರ ಹುಡುಕೋಕೆ ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಹಳೆಯ ಡೊಮೇನ್ ಕೊಳ್ಳುವವರು ಎರಡು ಕಾರಣಕ್ಕೆ ಕೊಳ್ತಾರೆ. ಒಂದು, ಆ ಹೆಸರು ಅವರಿಗೆ ಬೇಕು. ಎರಡು, ಆ ಹೆಸರಿನ ಮೇಲೆ ಜನ ಇಟ್ಟಿರೋ ನಂಬಿಕೆ ಬೇಕು. ಮೊದಲನೆಯದನ್ನು ಮಾರೋದು ನೇರ ವ್ಯಾಪಾರ. ಎರಡನೆಯದರ ಬಗ್ಗೆ ಎರಡು ಸಲ ಯೋಚಿಸಬೇಕು, ಯಾಕಂದ್ರೆ ಆ ನಂಬಿಕೆ ನಿಮ್ಮೊಬ್ಬರದ್ದಲ್ಲ.

ನಿಮ್ಮ ಕೈಲಿರೋದು ಏನು?

‘ಡೊಮೇನ್ ಕೊಂಡೆ’ ಅಂತ ಹೇಳ್ತೀವಿ. ಅಸಲಿಗೆ ಯಾರೂ ಡೊಮೇನ್ ಕೊಳ್ಳೋದಿಲ್ಲ. ಪಂಚಾಯ್ತಿ ಮಳಿಗೆಯನ್ನು ವರ್ಷ ವರ್ಷ ಬಾಡಿಗೆ ಕಟ್ಟಿ ಉಳಿಸಿಕೊಂಡ ಹಾಗೆ ಇದು. ಡಾಟ್ ಕಾಮ್ ಪಟ್ಟಿಯನ್ನು ನಡೆಸೋದು ಅಮೆರಿಕದ ವೆರಿಸೈನ್ ಕಂಪನಿ. ಡಾಟ್ ಇನ್ ಪಟ್ಟಿಯನ್ನು ನೋಡಿಕೊಳ್ಳೋದು ಭಾರತದ ನಿಕ್ಸಿ, ಅಂದರೆ ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ. ಇವರ ಮತ್ತು ನಿಮ್ಮ ನಡುವೆ ಗೋಡ್ಯಾಡಿ, ನೇಮ್‌ಚೀಪ್ ಥರದ ರಿಜಿಸ್ಟ್ರಾರ್‌ಗಳು ಇರ್ತಾರೆ. ಒಂದು ಸಲಕ್ಕೆ ಹೆಚ್ಚೆಂದರೆ 10 ವರ್ಷದ ಬಾಡಿಗೆ ಕಟ್ಟಬಹುದು, ಅಷ್ಟೇ.

ಹಾಗಾಗಿ ‘ಮಾರಾಟ’ ಅಂದರೆ ಆ ಬಾಡಿಗೆ ಹಕ್ಕನ್ನು ಇನ್ನೊಬ್ಬರ ಹೆಸರಿಗೆ ಬರೆದುಕೊಡೋದು. ಇದರಿಂದ ಎರಡು ವಿಷಯ ತಾನಾಗೇ ಬರುತ್ತೆ. ಒಂದು, ಯಾರ ಖಾತೆಯಲ್ಲಿ ಡೊಮೇನ್ ಇದೆಯೋ ಅವರು ಮಾತ್ರ ಮಾರಬಹುದು. ಸಂಘಟನೆಯ ಹೆಸರನ್ನು ಬಿಟ್ಟು ಹೋದ ಗೆಳೆಯನ ಖಾತೆಯಲ್ಲಿ ಇಟ್ಟಿದ್ದರೆ ಮೊದಲು ಅವನನ್ನು ಹುಡುಕಿ. ಎರಡು, ಬ್ಲಾಗ್‌ಸ್ಪಾಟ್, ವರ್ಡ್‌ಪ್ರೆಸ್ ಡಾಟ್ ಕಾಮ್ ಥರದ ಬೇರೆಯವರ ಡೊಮೇನಿನ ಕೆಳಗೆ ಪುಕ್ಕಟೆ ತೆಗೆದುಕೊಂಡ ವಿಳಾಸ ನಿಮ್ಮದಲ್ಲ, ಅದನ್ನು ಮಾರೋಕೆ ಬರೋದಿಲ್ಲ.

ಬೆಲೆ ಎಲ್ಲಿಂದ ಬರುತ್ತೆ?

2019ರಲ್ಲಿ ವಾಯ್ಸ್ ಡಾಟ್ ಕಾಮ್ ಅನ್ನೋ ಹೆಸರು 3 ಕೋಟಿ ಡಾಲರಿಗೆ ಮಾರಾಟವಾಯ್ತು. ಮಾರಿದ್ದು ಮೈಕ್ರೋಸ್ಟ್ರಾಟಜಿ ಕಂಪನಿ, ಕೊಂಡಿದ್ದು ಬ್ಲಾಕ್ ಡಾಟ್ ಒನ್. ಇಂಥ ಸುದ್ದಿ ಓದಿದ ಕೂಡಲೇ ನಮ್ಮ ಹೆಸರಿಗೂ ಏನಾದರೂ ಸಿಗಬಹುದು ಅನಿಸುತ್ತೆ. ಸಾಮಾನ್ಯವಾಗಿ ಸಿಗೋದಿಲ್ಲ. ನೂರಾರು ಹೆಸರು ಇಟ್ಟುಕೊಂಡ ವೃತ್ತಿಪರ ವ್ಯಾಪಾರಿಗಳೇ ವರ್ಷಕ್ಕೆ ನೂರರಲ್ಲಿ ಒಂದೆರಡು ಮಾರಾಟವಾದರೆ ಸಾಕು ಅಂತ ಲೆಕ್ಕ ಹಾಕ್ತಾರೆ. ಒಂದೇ ಹೆಸರು ಇಟ್ಟುಕೊಂಡವರ ಗತಿ ಏನು, ಊಹಿಸಿ.

ವಾಯ್ಸ್ ಯಾಕೆ ಹೋಯ್ತು? ಚಿಕ್ಕ ಪದ, ಎಲ್ಲರಿಗೂ ಗೊತ್ತು, ಕಾಗುಣಿತ ತಪ್ಪಲ್ಲ, ಹತ್ತಾರು ಬಗೆಯ ಉದ್ಯಮಕ್ಕೆ ಹೊಂದುತ್ತೆ, ಜೊತೆಗೆ ಡಾಟ್ ಕಾಮ್. ಈ ಗುಣಗಳು ಕಡಿಮೆ ಆದಂತೆಲ್ಲ ಬೆಲೆ ಇಳಿಯುತ್ತೆ. ಹೈಫನ್ ಇದ್ದರೆ ಇಳಿಯುತ್ತೆ, ಅಂಕಿ ಇದ್ದರೆ ಇಳಿಯುತ್ತೆ. ಡಾಟ್ ಎಕ್ಸ್‌ವೈಝಡ್, ಡಾಟ್ ಆನ್‌ಲೈನ್ ಥರದ ಬಾಲಗಳಿಗೆ ಮರುಮಾರಾಟದ ಬೇಡಿಕೆ ಬಹಳ ಕಡಿಮೆ.

ಕನ್ನಡದ ಹೆಸರುಗಳಿಗೆ ಇನ್ನೊಂದು ತೊಡಕು ಇದೆ. ‘ಹೋರಾಟ’ ಅನ್ನೋ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಹೇಗೆ ಬರೀತೀರಿ? ಒಂದು ‘ಓ’ ಹಾಕಬೇಕಾ, ಎರಡಾ? ‘ಟ’ಗೆ ‘ಟಿ’ ಸಾಕಾ, ‘ಟಿಎಚ್’ ಬೇಕಾ? ‘ಧ್ವನಿ’, ‘ಹಳ್ಳಿ’, ‘ಬೆಳಕು’ ಎಲ್ಲದಕ್ಕೂ ಇದೇ ಪಾಡು. ಬಾಯಲ್ಲಿ ಕೇಳಿದ ಹೆಸರನ್ನು ತಪ್ಪಿಲ್ಲದೆ ಟೈಪ್ ಮಾಡೋಕೆ ಆಗದಿದ್ದರೆ ಕೊಳ್ಳುವವರು ಹಿಂದೆ ಸರೀತಾರೆ. ಹಾಗಂತ ಕನ್ನಡ ಲಿಪಿಯಲ್ಲೇ ಇರೋ ಹೆಸರು ಸುಲಭಾನಾ? ಡಾಟ್ ಭಾರತ ಈಗ ಕನ್ನಡ ಅಕ್ಷರದಲ್ಲೇ ಸಿಗುತ್ತೆ. ಆದರೆ ಆ ವಿಳಾಸದ ಇಮೇಲ್ ಐಡಿಯನ್ನು ಎಷ್ಟೋ ಆ್ಯಪು, ಅರ್ಜಿ ಫಾರಂಗಳು ಇವತ್ತಿಗೂ ಒಪ್ಪೋದಿಲ್ಲ. ನುಡಿಯ ಮೇಲಿನ ಪ್ರೀತಿಗೆ ಕೊಳ್ಳುವವರು ಸಿಗಬಹುದು, ದೊಡ್ಡ ಬೆಲೆ ಸಿಗೋದು ಕಷ್ಟ.

ಬೆಲೆ ಅಂದಾಜು ಮಾಡೋಕೆ ಸರಿಯಾದ ದಾರಿ ಒಂದೇ: ಹೋಲುವ ಹೆಸರು ನಿಜವಾಗಿ ಎಷ್ಟಕ್ಕೆ ಹೋಗಿದೆ ಅಂತ ನೋಡೋದು. ನೇಮ್‌ಬಯೋ ಅನ್ನೋ ತಾಣದಲ್ಲಿ ಹಿಂದಿನ ಮಾರಾಟಗಳ ದಾಖಲೆ ಸಿಗುತ್ತೆ. ಮಾರುಕಟ್ಟೆ ತಾಣಗಳಲ್ಲಿ ಕಾಣೋದು ಮಾರುವವರು ಕೇಳ್ತಿರೋ ಬೆಲೆ. ಪಕ್ಕದ ಸೈಟಿನವರು ಕೋಟಿ ಹೇಳ್ತಿದ್ದಾರೆ ಅಂದ ಮಾತ್ರಕ್ಕೆ ನಮ್ಮ ಸೈಟಿಗೂ ಕೋಟಿ ಬರುತ್ತೆ ಅಂತಲ್ಲವಲ್ಲ, ಹಾಗೇ. ಕಂಪ್ಯೂಟರ್ ತಾನೇ ಹೇಳೋ ಉಚಿತ ಅಂದಾಜನ್ನೂ ನಂಬಿ ಕೂರಬೇಡಿ, ಅದು ದಿಕ್ಕು ತೋರಿಸುತ್ತೆ ಅಷ್ಟೇ.

ಬೇರೆಯವರ ಹೆಸರು ಹಿಡಿದು ಕೂತರೆ?

2024ರ ಅಕ್ಟೋಬರಿನಲ್ಲಿ ದೆಹಲಿಯ ಯುವ ಡೆವಲಪರ್ ಒಬ್ಬರ ಸುದ್ದಿ ಎಲ್ಲೆಡೆ ಹರಿದಾಡಿತ್ತು. ಡಿಸ್ನಿ ಹಾಟ್‌ಸ್ಟಾರ್ ರಿಲಯನ್ಸ್ ಪಾಲಾಗಬಹುದು ಅಂತ ಊಹಿಸಿ, ಸಾವನ್ ಹೋಗಿ ಜಿಯೋಸಾವನ್ ಆದ ಹಾಗೆ ಇದೂ ಆಗುತ್ತೆ ಅಂತ ಜಿಯೋಹಾಟ್‌ಸ್ಟಾರ್ ಡಾಟ್ ಕಾಮ್ ಅನ್ನು 2023ರಲ್ಲೇ ಅವರು ನೋಂದಾಯಿಸಿದ್ದರು. ಊಹೆ ನಿಜವಾಯ್ತು. ತಮ್ಮ ಕೇಂಬ್ರಿಡ್ಜ್ ಓದಿನ ಖರ್ಚು ಭರಿಸಿದರೆ ಹೆಸರು ಕೊಡ್ತೀನಿ ಅಂತ ಅದೇ ತಾಣದಲ್ಲಿ ಪತ್ರ ಹಾಕಿದರು. ಕಂಪನಿ ಒಪ್ಪಲಿಲ್ಲ, ಕಾನೂನು ಕ್ರಮದ ಮಾತು ಬಂತು ಅಂತ ಅವರೇ ಬರೆದುಕೊಂಡರು. ಆಮೇಲೆ ಹೆಸರು ದುಬೈನ ಒಂದು ಕುಟುಂಬದ ಕೈ ಸೇರಿತು, ಅವರು ಅದನ್ನು ಉಚಿತವಾಗಿ ಕಂಪನಿಗೆ ಕೊಡೋಕೆ ಸಿದ್ಧ ಅಂದರು. 2025ರ ಫೆಬ್ರವರಿಯಲ್ಲಿ ಜಿಯೋಹಾಟ್‌ಸ್ಟಾರ್ ಶುರುವಾಯ್ತು.

ಸಾಮಾಜಿಕ ಜಾಲತಾಣಗಳಲ್ಲಿ ಬಹಳ ಮಂದಿ ಆ ಹುಡುಗನ ಪರ ನಿಂತರು. ದೈತ್ಯ ಕಂಪನಿಯ ಎದುರು ಒಬ್ಬಂಟಿ ಹುಡುಗ, ಅನುಕಂಪ ಸಹಜ. ಆದರೆ ಕಾನೂನಿನ ಲೆಕ್ಕ ಬೇರೆ. ಡಾಟ್ ಕಾಮ್ ವಿವಾದಗಳಿಗೆ 1999ರಿಂದ ಯುಡಿಆರ್‌ಪಿ ಅನ್ನೋ ನಿಯಮ ಇದೆ. ಡಾಟ್ ಇನ್‌ಗೆ ಅದರದ್ದೇ ಮಾದರಿಯ ಐಎನ್‌ಡಿಆರ್‌ಪಿ ಇದೆ. ಅಲ್ಲಿ ಕೇಳೋ ಪ್ರಶ್ನೆ ಮೂರು. ಈ ಹೆಸರು ಇನ್ನೊಬ್ಬರ ಟ್ರೇಡ್‌ಮಾರ್ಕ್ ಹೋಲುತ್ತಾ? ನಿಮಗೆ ಇದರ ಮೇಲೆ ನ್ಯಾಯಯುತ ಹಕ್ಕು ಇದೆಯಾ? ಕೆಟ್ಟ ಉದ್ದೇಶದಿಂದ ಹಿಡಿದುಕೊಂಡಿದ್ದೀರಾ? ಟ್ರೇಡ್‌ಮಾರ್ಕ್ ಇರುವವರಿಗೇ ಹೆಚ್ಚಿನ ಬೆಲೆಗೆ ಮಾರಬೇಕು ಅಂತಲೇ ನೋಂದಾಯಿಸಿದ್ದರೆ ಅದು ಕೆಟ್ಟ ಉದ್ದೇಶಕ್ಕೆ ಸಾಕ್ಷಿ ಅಂತ ನಿಯಮದಲ್ಲೇ ಬರೆದಿದೆ. ಅಂದರೆ ‘ಇಷ್ಟು ಕೊಡಿ, ಬಿಟ್ಟುಕೊಡ್ತೀನಿ’ ಅಂತ ನೀವು ಕಂಪನಿಗೆ ಬರೆದ ಇಮೇಲೇ ನಿಮ್ಮ ವಿರುದ್ಧದ ದಾಖಲೆ ಆಗಬಹುದು.

ಭಾರತದಲ್ಲಿ ಈ ವಿಷಯದ ಮುಖ್ಯ ತೀರ್ಪು ಹುಟ್ಟಿದ್ದು ಬೆಂಗಳೂರಿನ ಕೇಸಿನಿಂದಲೇ. ಸತ್ಯಂ ಇನ್ಫೋವೇ ಕಂಪನಿಯ ‘ಸಿಫಿ’ ಹೆಸರನ್ನು ಹೋಲುವ ‘ಸಿಫಿನೆಟ್’ ಡೊಮೇನುಗಳನ್ನು ಇನ್ನೊಂದು ಸಂಸ್ಥೆ ತೆಗೆದುಕೊಂಡಿತ್ತು. ಇದು ನಮ್ಮ ಪ್ರವರ್ತಕರ ಹೆಸರುಗಳ ಮೊದಲಕ್ಷರ ಕೂಡಿಸಿ ಮಾಡಿದ ಪದ ಅಂತ ಆ ಸಂಸ್ಥೆ ವಾದಿಸಿತು. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟ್ ತಡೆ ಕೊಟ್ಟಿತು, ಹೈಕೋರ್ಟ್ ಅದನ್ನು ತೆಗೆದುಹಾಕಿತು, 2004ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸಿಫಿ ಪರ ನಿಂತಿತು. ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕಿನ ಥರದ ರಕ್ಷಣೆ ಇದೆ ಅನ್ನೋದು ಅಲ್ಲಿಂದ ಗಟ್ಟಿಯಾಯ್ತು.

ಹಾಗಾಗಿ ಮಾರಾಟಕ್ಕೆ ಇಡೋ ಮೊದಲು ಭಾರತದ ಟ್ರೇಡ್‌ಮಾರ್ಕ್ ನೋಂದಣಿ ಕಚೇರಿಯ ತಾಣದಲ್ಲಿ ಆ ಪದ ಹುಡುಕಿ. ಯಾರದ್ದೋ ಬ್ರ್ಯಾಂಡು ಅಥವಾ ಯಾರೋ ರಾಜಕಾರಣಿಯ ಹೆಸರಾದರೆ ಹಣದ ಆಸೆ ಬಿಡಿ. ಸಾಮಾನ್ಯ ಪದವಾದರೆ, ಅಥವಾ ನೀವೇ ವರ್ಷಗಟ್ಟಲೆ ಬಳಸಿದ ಹೆಸರಾದರೆ ಧೈರ್ಯವಾಗಿ ಮುಂದುವರಿಯಿರಿ.

ಮಾರೋ ದಾರಿ ನಾಲ್ಕು

ಮೊದಲನೆಯದು ನೇರ ಮಾರಾಟ. ನಿಮ್ಮ ಹೆಸರು ಯಾರಿಗೆ ಉಪಯೋಗ ಆಗುತ್ತೆ ಅಂತ ಹತ್ತು ಜನರ ಪಟ್ಟಿ ಮಾಡಿ. ಅದೇ ಪದಕ್ಕೆ ಬೇರೆ ಬಾಲ ಹಾಕಿಕೊಂಡವರು, ಅದೇ ಕ್ಷೇತ್ರದಲ್ಲಿ ಹೊಸದಾಗಿ ಕೆಲಸ ಶುರು ಮಾಡಿದವರು ಮೊದಲು ಬರಲಿ. ನಾಲ್ಕು ಸಾಲಿನ ಮರ್ಯಾದೆಯ ಇಮೇಲ್ ಸಾಕು. ಕಮಿಷನ್ ಇಲ್ಲ, ಕೊಳ್ಳುವವರು ಯಾರು ಅಂತಲೂ ಗೊತ್ತಿರುತ್ತೆ. ಕಷ್ಟ ಏನಂದ್ರೆ ಹತ್ತರಲ್ಲಿ ಎಂಟು ಮಂದಿ ಉತ್ತರ ಕೊಡದೇ ಇರಬಹುದು.

ಎರಡನೆಯದು, ಬೆಲೆ ಬರೆದು ಅಂಗಡಿಯಲ್ಲಿ ಇಡೋದು. ಸೆಡೋ, ಆಫ್ಟರ್ನಿಕ್ ಥರದ ಮಾರುಕಟ್ಟೆಗಳಲ್ಲಿ ಹೆಸರು ಪಟ್ಟಿ ಮಾಡಿದರೆ, ಯಾರಾದರೂ ಬೇರೆ ರಿಜಿಸ್ಟ್ರಾರ್‌ನಲ್ಲಿ ಆ ಹೆಸರು ಹುಡುಕಿದಾಗಲೂ ‘ಇದು ಮಾರಾಟಕ್ಕಿದೆ’ ಅಂತ ಕಾಣಬಹುದು. ಡೊಮೇನ್ ತೆರೆದರೆ ‘ಮಾರಾಟಕ್ಕಿದೆ’ ಪುಟ ಬರೋ ಹಾಗೆ ಮಾಡಿ. ಹೆಸರು ಬೇಕಾದವರು ಮೊದಲು ಮಾಡೋ ಕೆಲಸವೇ ಅದನ್ನು ಬ್ರೌಸರಿನಲ್ಲಿ ಟೈಪ್ ಮಾಡೋದು. ಕಮಿಷನ್ ತಾಣದಿಂದ ತಾಣಕ್ಕೆ ಬೇರೆ, ಸುಮಾರು ಶೇ. 10ರಿಂದ 25ರವರೆಗೆ ಹೋಗುತ್ತೆ. ಒಪ್ಪಂದ ಓದಿ ಸಹಿ ಮಾಡಿ.

ಮೂರನೆಯದು ಹರಾಜು. ಬೇಗ ಮುಗಿಯುತ್ತೆ. ಆದರೆ ಹರಾಜಿಗೆ ಬರುವವರಲ್ಲಿ ಹೆಚ್ಚಿನವರು ಮರುಮಾರಾಟದ ವ್ಯಾಪಾರಿಗಳು, ಅವರು ಕೊಡೋದು ಸಗಟು ಬೆಲೆ. ಕನಿಷ್ಠ ಬೆಲೆ ನಿಗದಿ ಮಾಡದೆ ಹರಾಜಿಗೆ ಬಿಟ್ಟರೆ ಚಹಾದ ದುಡ್ಡಿಗೂ ಹೋಗಬಹುದು.

ನಾಲ್ಕನೆಯದು ದಲ್ಲಾಳಿ. ಲಕ್ಷಾಂತರ ರೂಪಾಯಿ ಬಾಳೋ ಹೆಸರಿದ್ದರೆ ಮಾತ್ರ ಅವರು ಆಸಕ್ತಿ ತೋರಿಸ್ತಾರೆ. ನಿಜವಾದ ದಲ್ಲಾಳಿ ಮಾರಾಟವಾದ ಮೇಲೆ ಪಾಲು ತಗೋತಾರೆ. ಮೊದಲೇ ದುಡ್ಡು ಕೇಳಿದರೆ ನಮಸ್ಕಾರ ಹೇಳಿ.

ನಮ್ಮಂಥವರಿಗೆ ಇದರಲ್ಲಿ ಯಾವುದು ಒಳ್ಳೇದು? ಒಂದೋ ಎರಡೋ ಹೆಸರು ಇರುವವರಿಗೆ ಮೊದಲ ಎರಡನ್ನೂ ಒಟ್ಟಿಗೆ ಮಾಡೋದು. ನ್ಯಾಯವಾದ ಬೆಲೆ ಬರೆದು ‘ಮಾರಾಟಕ್ಕಿದೆ’ ಪುಟ ಹಾಕಿ, ಜೊತೆಗೆ ಹತ್ತು ಜನಕ್ಕೆ ನೀವೇ ಬರೆಯಿರಿ. ‘ಬೆಲೆಗೆ ಸಂಪರ್ಕಿಸಿ’ ಅಂತ ಹಾಕಿದರೆ ಸಣ್ಣ ಸಂಘಟನೆಯವರು, ವಿದ್ಯಾರ್ಥಿಗಳು ಹೆದರಿ ವಾಪಸ್ ಹೋಗ್ತಾರೆ. ಒಂದೆರಡು ವರ್ಷ ಕಾಯೋ ತಾಳ್ಮೆ ಇರಲಿ. ಡಾಟ್ ಕಾಮ್ ರಿನ್ಯೂವಲ್ ಸಾಮಾನ್ಯವಾಗಿ ಸಾವಿರ, ಸಾವಿರದೈನೂರರ ಆಸುಪಾಸು. ಆ ಖರ್ಚೂ ಹುಟ್ಟದು ಅನಿಸಿದರೆ ವ್ಯಾಪಾರದ ಆಸೆ ಬಿಡೋದೇ ಲಾಭ.

ಹಣ ಮತ್ತು ಹೆಸರು ಕೈ ಬದಲಾಗೋ ಹೊತ್ತು

ಮೋಸ ನಡೆಯೋದು ಇಲ್ಲೇ. ಹೆಚ್ಚು ಚಾಲ್ತಿಯಲ್ಲಿರೋದು ಮೌಲ್ಯಮಾಪನದ ಮೋಸ. ‘ನಿಮ್ಮ ಡೊಮೇನಿಗೆ ಹತ್ತು ಸಾವಿರ ಡಾಲರ್ ಕೊಡ್ತೀನಿ, ಆದರೆ ಇಂಥ ತಾಣದಿಂದ ಮೌಲ್ಯದ ಸರ್ಟಿಫಿಕೇಟ್ ತಗೊಂಡು ಕಳಿಸಿ’ ಅಂತ ಇಮೇಲ್ ಬರುತ್ತೆ. ನೀವು ಸರ್ಟಿಫಿಕೇಟಿಗೆ ದುಡ್ಡು ಕಟ್ಟಿದ ಮೇಲೆ ಕೊಳ್ಳುವವನು ನಾಪತ್ತೆ. ಆ ತಾಣವೂ ಅವನದ್ದೇ ಆಗಿರುತ್ತೆ.

ಇನ್ನೊಂದು ಎಚ್ಚರ ವರ್ಗಾವಣೆಯ ಕೋಡಿನದ್ದು. ಡೊಮೇನನ್ನು ಬೇರೆ ರಿಜಿಸ್ಟ್ರಾರ್‌ಗೆ ಸಾಗಿಸೋಕೆ ಒಂದು ಗುಪ್ತ ಕೋಡ್ ಬೇಕು. ಅದು ಮನೆಯ ಕೀಲಿ ಇದ್ದ ಹಾಗೆ, ಹಣ ಭದ್ರವಾಗೋ ತನಕ ಕೊಡಬೇಡಿ. ‘ಮೊದಲು ಕೋಡ್ ಕಳಿಸಿ’ ಅಂತ ಅವರು, ‘ಮೊದಲು ಹಣ ಹಾಕಿ’ ಅಂತ ನೀವು ಜಗ್ಗಾಡೋ ಬದಲು ಎಸ್ಕ್ರೋ ಬಳಸಿ. ಮಧ್ಯಸ್ಥ ಸಂಸ್ಥೆ ಹಣ ತೆಗೆದು ಇಟ್ಟುಕೊಳ್ಳುತ್ತೆ, ಹೆಸರು ಕೈ ಸೇರಿತು ಅಂತ ಖಾತ್ರಿಯಾದ ಮೇಲೆ ನಿಮಗೆ ಕೊಡುತ್ತೆ. ಎಸ್ಕ್ರೋ ಡಾಟ್ ಕಾಮ್ ಇದನ್ನೇ ಮಾಡುತ್ತೆ, ದೊಡ್ಡ ಮಾರುಕಟ್ಟೆಗಳಲ್ಲಿ ಈ ವ್ಯವಸ್ಥೆ ಒಳಗೇ ಇರುತ್ತೆ. ಎಸ್ಕ್ರೋ ಹೆಸರಿನಲ್ಲೇ ನಕಲಿ ತಾಣಗಳೂ ಇವೆ, ಕೊಳ್ಳುವವರು ಕಳಿಸಿದ ಲಿಂಕ್ ಒತ್ತಬೇಡಿ, ವಿಳಾಸ ನೀವೇ ಟೈಪ್ ಮಾಡಿ.

ಇಬ್ಬರೂ ಒಂದೇ ರಿಜಿಸ್ಟ್ರಾರ್‌ನಲ್ಲಿದ್ದರೆ ಖಾತೆಯಿಂದ ಖಾತೆಗೆ ಕೆಲವೇ ನಿಮಿಷಗಳಲ್ಲಿ ಸಾಗಿಸಬಹುದು. ಬೇರೆ ಬೇರೆ ಆದರೆ ಕೆಲವು ದಿನ ಹಿಡಿಯುತ್ತೆ. ಹೊಸದಾಗಿ ನೋಂದಾಯಿಸಿದ ಅಥವಾ ಈಚೆಗೆ ವರ್ಗಾಯಿಸಿದ ಡಾಟ್ ಕಾಮ್ ಹೆಸರಾದರೆ ಸಾಮಾನ್ಯವಾಗಿ 60 ದಿನ ಕಾಯಬೇಕು. ಎರಡು ಸಾಲಿನದ್ದಾದರೂ ಸರಿ, ಒಂದು ಬರಹದ ಒಪ್ಪಂದ ಇರಲಿ. ಬಂದ ಹಣವನ್ನು ಆದಾಯ ತೆರಿಗೆ ರಿಟರ್ನ್‌ನಲ್ಲಿ ತೋರಿಸಿ.

ಮಾರಲೇಬಾರದ ಹೆಸರು

ಈಗ ಎರಡನೇ ಬಗೆಯ ಕೊಳ್ಳುವವರ ವಿಷಯ. ಅವರಿಗೆ ನಿಮ್ಮ ಹೆಸರಿನ ಅರ್ಥ ಬೇಕಿಲ್ಲ. ಆ ವಿಳಾಸಕ್ಕೆ ಪತ್ರಿಕೆಗಳು, ವಿಶ್ವವಿದ್ಯಾಲಯಗಳು, ವಿಕಿಪೀಡಿಯ ಕೊಟ್ಟಿರೋ ಲಿಂಕುಗಳು ಬೇಕು. ಗೂಗಲ್ ಅಂಥ ಲಿಂಕುಗಳನ್ನು ನಂಬಿಕೆಯ ಗುರುತು ಅಂತ ನೋಡುತ್ತೆ. ಹಾಗಾಗಿ ಹಳೆಯ ಎನ್‌ಜಿಒ, ಶಾಲೆ, ಸುದ್ದಿತಾಣಗಳ ಹೆಸರನ್ನು ಹಿಡಿದು ಅದರ ಮೇಲೆ ಜೂಜಿನ ಆ್ಯಪು, ನಕಲಿ ಸಾಲ, ಅಶ್ಲೀಲ ಪುಟ ನಡೆಸೋದು ಜಗತ್ತಿನಾದ್ಯಂತ ಇರೋ ದಂಧೆ. ಹಳೆಯ ವರದಿಯಲ್ಲಿನ ಲಿಂಕ್ ಒತ್ತಿದ ಓದುಗ ರಮ್ಮಿ ಆಟಕ್ಕೆ ಹೋಗಿ ಬೀಳ್ತಾನೆ.

ರಾಜಕೀಯದಲ್ಲಿ ಇದು ಇನ್ನೂ ಚೂಪು. 2015ರ ಕೊನೆಯಲ್ಲಿ ಅಮೆರಿಕದ ರಿಪಬ್ಲಿಕನ್ ಅಭ್ಯರ್ಥಿ ಜೆಬ್ ಬುಷ್ ಅವರ ಹೆಸರಿನ ಡಾಟ್ ಕಾಮ್ ವಿಳಾಸ ತೆರೆದವರು ನೇರ ಡೊನಾಲ್ಡ್ ಟ್ರಂಪ್ ಪ್ರಚಾರದ ಸೈಟಿಗೆ ಹೋಗ್ತಿದ್ದರು. ಅದೇ ವರ್ಷ ಇನ್ನೊಬ್ಬ ಅಭ್ಯರ್ಥಿ ಕಾರ್ಲಿ ಫಿಯೊರಿನಾ ಹೆಸರಿನ ಡಾಟ್ ಆರ್ಗ್ ವಿಳಾಸದಲ್ಲಿ, ಅವರು ಎಚ್‌ಪಿ ಕಂಪನಿಯ ಮುಖ್ಯಸ್ಥೆಯಾಗಿದ್ದಾಗ ಕೆಲಸ ಕಳೆದುಕೊಂಡ 30,000 ಜನರ ಲೆಕ್ಕಕ್ಕೆ ಯಾರೋ ಅಳುಮೋರೆಯ ಚಿಹ್ನೆಗಳನ್ನು ಸಾಲಾಗಿ ತುಂಬಿದ್ದರು. ಅಲ್ಲಿ ಅದು ಲೇವಡಿಯಾಗಿತ್ತು. ನಿಮ್ಮ ಹಳೆಯ ಚಳವಳಿಯ ವಿಳಾಸದಲ್ಲಿ ನಿಮ್ಮದೇ ಲೋಗೋ ಹಾಕಿ, ನೀವು ವಿರೋಧಿಸಿದ್ದನ್ನೇ ಬೆಂಬಲಿಸೋ ಹೇಳಿಕೆ ಬಂದರೆ? ಲೋಗೋ, ಹಳೆಯ ಬರಹ ಎಲ್ಲ ವೇಬ್ಯಾಕ್ ಮಷೀನಿನಲ್ಲಿ ಸಿಗುತ್ತೆ, ಮರುಕಟ್ಟೋಕೆ ಒಂದು ಮಧ್ಯಾಹ್ನ ಸಾಕು.

ಇದಕ್ಕಿಂತ ಗಂಭೀರ ಇಮೇಲ್ ಸಮಸ್ಯೆ. ಡೊಮೇನ್ ಕೈ ಸೇರಿದವರು ಆ ಡೊಮೇನಿನ ಯಾವ ವಿಳಾಸಕ್ಕೆ ಬರೋ ಇಮೇಲನ್ನಾದರೂ ತೆಗೆದುಕೊಳ್ಳಬಹುದು. ‘ಪಾಸ್‌ವರ್ಡ್ ಮರೆತಿದೆ’ ಒತ್ತಿದರೆ ನಿಮ್ಮ ಹಳೆಯ ಫೇಸ್‌ಬುಕ್ ಪುಟ, ದೇಣಿಗೆ ಖಾತೆ, ಸಹಿ ಹಾಕಿದವರ ಪಟ್ಟಿ ಇರೋ ಗೂಗಲ್ ಡ್ರೈವ್‌ಗೂ ದಾರಿ ತೆರೆಯಬಹುದು. ಆ ಪಟ್ಟಿಯಲ್ಲಿರೋದು ನಿಮ್ಮನ್ನು ನಂಬಿ ಹೆಸರು, ಫೋನ್ ನಂಬರ್ ಕೊಟ್ಟ ಜನ.

ಹೆಸರಿನ ನಂಬಿಕೆ ಎಷ್ಟು ದೊಡ್ಡ ವಿಷಯ ಅನ್ನೋದಕ್ಕೆ ರಿಸರ್ವ್ ಬ್ಯಾಂಕಿನ ನಡೆಯೇ ಸಾಕ್ಷಿ. ನಕಲಿ ಬ್ಯಾಂಕ್ ತಾಣಗಳ ಕಾಟಕ್ಕೆ ಎಲ್ಲ ಬ್ಯಾಂಕುಗಳೂ 2025ರ ಅಕ್ಟೋಬರ್ 31ರೊಳಗೆ ಡಾಟ್ ಬ್ಯಾಂಕ್ ಡಾಟ್ ಇನ್ ವಿಳಾಸಕ್ಕೆ ಬರಬೇಕು ಅಂತ ಅದು ಆದೇಶಿಸಿತು. ಬೇರೆ ಯಾರೂ ಪಡೆಯೋಕಾಗದ ಬಾಲ ಅದು. ನಮ್ಮ ಸಣ್ಣ ಸಂಘಟನೆಗಳಿಗೆ ಅಂಥ ಬೇಲಿ ಹಾಕಿಕೊಡುವವರು ಯಾರೂ ಇಲ್ಲ.

ಸುಮ್ಮನೆ ಬಿಟ್ಟರೆ ಆಗಲ್ವಾ?

ಆಗಲ್ಲ. ಬಿಡೋದೂ ಒಂದು ಥರದ ಮಾರಾಟವೇ, ದುಡ್ಡು ಮಾತ್ರ ನಿಮಗೆ ಬರೋದಿಲ್ಲ. ಡಾಟ್ ಕಾಮ್ ಅವಧಿ ಮುಗಿದ ಮೇಲೆ ಹೆಚ್ಚೆಂದರೆ 45 ದಿನದ ರಿಯಾಯಿತಿ ಕಾಲ, ಆಮೇಲೆ ದಂಡ ಕಟ್ಟಿ ಬಿಡಿಸಿಕೊಳ್ಳೋಕೆ 30 ದಿನ, ಕೊನೆಗೆ 5 ದಿನ ಕಳೆದು ಹೆಸರು ಬಯಲಿಗೆ ಬೀಳುತ್ತೆ. ಲಿಂಕ್ ಇರೋ ಹೆಸರಾದರೆ ಬಿದ್ದ ಕ್ಷಣವೇ ಸಾಫ್ಟ್‌ವೇರ್‌ಗಳು ಹಿಡೀತವೆ. ಎಷ್ಟೋ ಸಲ ಅಲ್ಲಿಗೆ ಬರೋ ಮೊದಲೇ ರಿಜಿಸ್ಟ್ರಾರ್‌ಗಳು ಹರಾಜಿಗೆ ಇಟ್ಟಿರ್ತಾರೆ.

ಹಾಗಾದರೆ ಮಾಡಬೇಕಾದ್ದು ಏನು? ಡೊಮೇನಿನಲ್ಲಿ ಬರೀ ಹೆಸರು ಇದೆಯಾ, ಜನರ ನಂಬಿಕೆಯೂ ಇದೆಯಾ ಅಂತ ಮೊದಲು ನೋಡಿ. ಸೈಟೇ ಮಾಡದೆ ಕೊಂಡಿಟ್ಟ ಹೆಸರಾದರೆ ಮೇಲೆ ಹೇಳಿದ ಹಾಗೆ ಮಾರಿ, ಅಥವಾ ಬಿಟ್ಟುಬಿಡಿ, ಯಾರಿಗೂ ನಷ್ಟ ಇಲ್ಲ. ಜನ ಬಂದುಹೋದ ತಾಣವಾದರೆ ಮೊದಲು ಆ ಡೊಮೇನಿನ ಇಮೇಲ್ ಬಳಸಿದ ಎಲ್ಲ ಖಾತೆಗಳ ವಿಳಾಸ ಬದಲಿಸಿ ಅಥವಾ ಖಾತೆ ಮುಚ್ಚಿ. ಬೇಡದ ವೈಯಕ್ತಿಕ ಮಾಹಿತಿ ಅಳಿಸಿ. ಬರಹಗಳನ್ನು ವೇಬ್ಯಾಕ್ ಮಷೀನಿಗೆ ಉಳಿಸಿ. ಆಮೇಲೆ ಅದೇ ಕೆಲಸ ಮುಂದುವರಿಸ್ತಿರೋ ಸಂಘಟನೆಗೆ ಕಡಿಮೆ ಬೆಲೆಗೆ ಕೊಡಿ, ಪುಕ್ಕಟೆ ಕೊಟ್ಟರೂ ಸರಿ. ಅಂಥವರು ಸಿಗದಿದ್ದರೆ ಐದಾರು ವರ್ಷದ ರಿನ್ಯೂವಲ್ ಒಟ್ಟಿಗೆ ಕಟ್ಟಿ, ‘ಈ ಅಭಿಯಾನ ಮುಗಿದಿದೆ, ದಾಖಲೆ ಇಲ್ಲಿದೆ’ ಅಂತ ಒಂದೇ ಪುಟ ಇಟ್ಟು ಇಡಿ. ಖರ್ಚು ಎಂಟು, ಹತ್ತು ಸಾವಿರ ಆಗಬಹುದು. ಹತ್ತು ಜನ ಹಂಚಿಕೊಂಡರೆ ತಲೆಗೆ ಸಾವಿರ.

ಇದೆಲ್ಲವನ್ನೂ ಹೆಸರು ಕೊಳ್ಳೋ ದಿನವೇ ಮಾತಾಡಿಕೊಂಡರೆ ಇನ್ನೂ ಒಳ್ಳೇದು. ಖಾತೆ ಯಾರ ಹೆಸರಲ್ಲಿ, ಪಾಸ್‌ವರ್ಡ್ ಯಾರ ಹತ್ತಿರ, ಕೆಲಸ ನಿಂತ ಮೇಲೆ ರಿನ್ಯೂವಲ್ ಕಟ್ಟೋರು ಯಾರು? ಸಂಘದ ಲೆಟರ್‌ಹೆಡ್ಡು, ಸೀಲು ಯಾರ ಬಳಿ ಇರಬೇಕು ಅಂತ ಹಳೇ ತಲೆಮಾರಿನವರು ಠರಾವು ಮಾಡ್ತಿದ್ದರು. ಡೊಮೇನ್ ಇವತ್ತಿನ ಸೀಲು. ಅದರ ಬಗ್ಗೆಯೂ ಮುಂದಿನ ಸಭೆಯಲ್ಲಿ ಒಂದು ಠರಾವು ಆಗಲಿ.